ಶಿವನಗೌಡನ ಹಾರ

ವಜೀರಭಾಯಿ,

ನಲವತ್ತೆರಡರಲ್ಲಿ ಸಾಂಬ್ರಾಣಿಯ ಮಿಲಿಟರಿ ಕ್ಯಾಂಪಿನ ಮೇಲೆ ದಾಳಿ ಮಾಡಿದವರಿಗೆ ಸ್ವರಾಜ್ಯ ಬಂದ ಮೇಲೆ ಇವತ್ತು ಹಳಿಯಾಳದಲ್ಲಿ ಸನ್ಮಾನವಾಯಿತು. ಆ ಕ್ಯಾಂಪಿನಲ್ಲಿ ಅಡುಗೆಗಿದ್ದ ನೀನು ಅವರದೇ ಗುಂಡಿಗೆ ಸತ್ತದ್ದನ್ನು ಯಾರೂ ಹೇಳಲಿಲ್ಲ. ದಾಳಿಯವರಿಗೆ ನೀನೇ ಗೇಟು ತೆಗೆದೆ ಎಂದು ಪೊಲೀಸರು ಅಬ್ಬಾನನ್ನು ಹೊಡೆದರು. ನೀನು ಬಿಳಿಯರಿಗೆ ಬೇಯಿಸಿ ಹಾಕಿದವನೆಂದು ಊರವರು ನಮ್ಮೊಡನೆ ಮಾತು ಬಿಟ್ಟರು.

ಸಭೆ ಮುಗಿದ ಮೇಲೆ ದಾಳಿಗೆ ಹೋಗಿದ್ದ ನಿನ್ನ ಗೆಳೆಯ ಶಿವನಗೌಡ ತನ್ನ ಸನ್ಮಾನದ ಹಾರ ಹಿಡಿದು ಮನೆಗೆ ಬಂದ.

"ಚಾಚಿ, ವಜೀರ ಒಳಗ ಇದ್ದಾನಂತ ನನಗ ಗೊತ್ತಿರಲಿಲ್ಲ," ಎಂದ.

"ಗೊತ್ತಿದ್ದರ ಏನ್ ಮಾಡ್ತಿದ್ದಿಪಾ?" ಎಂದು ಅಮ್ಮ ಕೇಳಿದಳು.

ಅವನು ನಿನ್ನ ಗೋರಿಗೆ ಹಾಕಿರೆಂದು ಹಾರವನ್ನು ಕಟ್ಟೆಯ ಮೇಲಿಟ್ಟು ಹೋದ. ಅಮ್ಮ ಅದನ್ನು ಎತ್ತಿ ಆಡಿನ ಮುಂದೆ ಹಾಕಿದಳು. ನಾನು ತಡೆಯಲಿಲ್ಲ.

ನಿನ್ನ ತಂಗಿ,
ಸಿರಾಜುನ್ನಿಸಾ