ರೋಸ್ ಮನೆಯ ಹಿಂದಿನ ಬನ

ಅಲ್ ಗುಬ್ರಾ, ಮಸ್ಕತ್
೧೨ ಸೆಪ್ಟೆಂಬರ್ ೧೯೮೬

ಪ್ರೀತಿಯ ರೋಸ್,

ನೀನು, ಆಲ್ಫ್ರೆಡ್, ಮಗಳು ಎಲ್ಲರೂ ಆರೋಗ್ಯವಾಗಿದ್ದೀರಿ ಎಂದುಕೊಂಡು ಬರೆಯಲು ಕುಳಿತಿದ್ದೇನೆ. ಜೂನ್‌ನಲ್ಲಿ ಬಂದ ನಿನ್ನ ಕಾಗದಕ್ಕೆ ಈಗ ಉತ್ತರ. ಬೈಯುವುದಿದ್ದರೆ ಬೈದುಬಿಡು. ಎರಡು ಸಲ ಇಂಗ್ಲಿಷಿನಲ್ಲಿ ಬರೆದು ಹರಿದು ಹಾಕಿದೆ. ಕಾನ್ವೆಂಟಿನಲ್ಲಿ ನಾವಿಬ್ಬರೂ ಕಲಿತ ಇಂಗ್ಲಿಷ್ ರಜೆಯ ಅರ್ಜಿಗೆ ಸಾಕು, ಥ್ಯಾಂಕ್ಸ್ ಹೇಳುವುದಕ್ಕೂ ಸಾಕು. ಈಗ ಹೇಳಬೇಕಾದದ್ದನ್ನು ಅದರಲ್ಲಿ ಬರೆದು ಓದಿದರೆ ಯಾರೋ ತಲೆಕೆಟ್ಟವಳು ಬರೆದ ಹಾಗೆ ಕಂಡಿತು. ಕನ್ನಡದಲ್ಲೂ ಹಾಗೆಯೇ ಕಂಡರೆ ನೀನೇ ತಿಳಿಸು.

ಮೊದಲು ಆ ಇಂಗ್ಲಿಷ್ ಹಳ್ಳಿಯಲ್ಲಿ ನಿನ್ನ ಮನೆಯ ಹಿಂದಿನ ಸಣ್ಣ ಕಾಡಿನ ವಿಷಯ. ಅದು ನನ್ನನ್ನು ಬಿಟ್ಟಿಲ್ಲ. ಇಲ್ಲಿ ಸಂಜೆಯೂ ಹೊರಗೆ ಕಾಲಿಡಲಾಗದಷ್ಟು ಸೆಕೆ. ಬಾಲ್ಕನಿಯಲ್ಲಿ ನಿಂತರೆ ಕಾಣುವುದು ಉಪ್ಪುನೀರನ್ನು ಸಿಹಿ ಮಾಡುವ ಸ್ಥಾವರದ ಚಿಮಣಿಗಳು, ಅದರಾಚೆ ಬಿಳಿಚಿಕೊಂಡ ಸಮುದ್ರ. ಡಾಕ್ಟರು ದಿನವೂ ಸ್ವಲ್ಪ ನಡೆಯಲು ಹೇಳಿದ್ದಾರೆ. ಯಾಕೆಂದು ಮುಂದೆ ಬರೆಯುತ್ತೇನೆ. ಹಾಗಾಗಿ ಫ್ಲ್ಯಾಟಿನೊಳಗೇ ನಡೆಯುತ್ತೇನೆ. ಮುಂಬಾಗಿಲೇ ನಿಮ್ಮ ಮರದ ಗೇಟು. ಕಾರಿಡಾರಿನ ಎರಡೂ ಬದಿಗೆ ಹೇಜಲ್ ಗಿಡಗಳು, ಬುಡದಿಂದಲೇ ಕವಲೊಡೆದು ನಿಂತವು. ಅಡುಗೆಮನೆಯ ಹತ್ತಿರ ಕಾಡುಬೆಳ್ಳುಳ್ಳಿಯ ವಾಸನೆ; ಅದಕ್ಕೆ ಮಾತ್ರ ಕಲ್ಪನೆ ಬೇಕಾಗಿಲ್ಲ. ಮಂಚ ಎಂದರೆ ಬಿದ್ದ ಓಕ್ ಮರ, ಅಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತೇನೆ. ಮರಕುಟಿಗ ಬೇಕೆನಿಸಿದರೆ ನಮ್ಮ ಹಳೆಯ ಎ.ಸಿ. ಇದೆ, ಕಟಕಟ ಎನ್ನುತ್ತಲೇ ಇರುತ್ತದೆ.

ನೆನಪಿದೆಯೇ, ಮೇ ತಿಂಗಳಲ್ಲಿ ನಾವು ಬಂದ ಮರುದಿನ ಆ ಗೇಟಿನ ಬಳಿ ನಮ್ಮವರು ಶೂ ಕಳಚಲು ಬಗ್ಗಿದ್ದು? ಸುತ್ತ ಹೊಲ, ನಡುವೆ ಯಾರೋ ಉಳಿಸಿಟ್ಟಂಥ ಒಂದು ತುಂಡು ಕಾಡು, ಬೇಲಿ, ಒಳಗೆ ತಂಪು. ಅವರಿಗೆ ಅದು ಬನ. ಅವರ ಕುಟುಂಬದ ನಾಗಬನವೂ ಗದ್ದೆಗಳ ನಡುವೆ ಹೀಗೆಯೇ ಇದೆ. ಅಲ್ಲಿ ಬಿದ್ದ ಸೌದೆಯನ್ನೂ ಹೆಕ್ಕುವುದಿಲ್ಲ, ವರ್ಷಕ್ಕೊಮ್ಮೆ ಹಾಲೆರೆಯಲು ಬಿಟ್ಟರೆ ಯಾರೂ ಒಳಗೆ ಹೋಗುವುದಿಲ್ಲ. ನೀನು ನಕ್ಕು, "ದೂಮಪ್ಪಣ್ಣ, ಇಲ್ಲಿ ದೇವರಿಲ್ಲ ಮಾರಾಯ್ರೆ, ಜನ ನಾಯಿ ಕರ್ಕೊಂಡು ವಾಕಿಂಗ್ ಬರುವ ಜಾಗ. ಕೆಸರುಂಟು, ಶೂ ಹಾಕಿ" ಎಂದೆ. ಅವರು ಹಾಕಿಕೊಂಡರು. ಆದರೆ ಆ ನೀಲಿ ಹೂಗಳು ಮರಗಳ ಬುಡಕ್ಕೆಲ್ಲ ನೆರೆನೀರಿನ ಹಾಗೆ ನಿಂತಿದ್ದನ್ನು ನೋಡಿದಾಗ ನನಗೂ ಚಪ್ಪಲಿ ಮೆಟ್ಟಿ ಬಂದದ್ದು ಸರಿಯಲ್ಲ ಎನಿಸಿತ್ತು. ನಿನಗೆ ಹೇಳಿರಲಿಲ್ಲ. ಪೊದೆಯೊಳಗಿಂದ ಏನೋ ಬೊಗಳಿದಾಗ ನಾನು ನಾಯಿ ಎಂದೆ. ಆಲ್ಫ್ರೆಡ್ ಜಿಂಕೆ ಎಂದರು. ನಮ್ಮವರು ಮಾತ್ರ ಕೂಡಲೇ "ಕಾಡುಕುರಿ" ಎಂದು ಊರಿನ ಹೆಸರು ಹಿಡಿದು ಕರೆದರು. ಅಷ್ಟು ಖುಷಿಯಲ್ಲಿ ಅವರನ್ನು ನೋಡಿ ವರ್ಷಗಳಾಗಿದ್ದವು.

ಇಲ್ಲಿಯ ಸುದ್ದಿ ಒಳ್ಳೆಯದಲ್ಲ. ಎಣ್ಣೆಯ ಬೆಲೆ ಬಿದ್ದದ್ದು ನಿಮಗೆ ಅಗ್ಗದ ಪೆಟ್ರೋಲು. ನಮ್ಮ ಕಟ್ಟಡದಲ್ಲಿ ಪ್ರತಿ ವಾರ ಯಾರದಾದರೂ ಬಾಗಿಲ ಮುಂದೆ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು. ಕೆಳಗೆ ಅಂಗಡಿ ಇಟ್ಟಿರುವ ಇಸುಬು ಬ್ಯಾರಿ ಮೊದಲೆಲ್ಲ ಖಾಲಿ ಪೆಟ್ಟಿಗೆ ಎಸೆಯುತ್ತಿದ್ದವರು ಈಗ ಜೋಡಿಸಿಡುತ್ತಾರೆ. "ಅಕ್ಕ, ಈಗ ಸಾಮಾನಿಗಿಂತ ಪೆಟ್ಟಿಗೆಗೇ ಗಿರಾಕಿ ಜಾಸ್ತಿ" ಎಂದರು ಮೊನ್ನೆ. ನಾನು ನಗಬೇಕೆಂದು ಹೇಳಿದ್ದು. ಇಬ್ಬರಿಗೂ ನಗು ಬರಲಿಲ್ಲ. ನಮ್ಮವರ ಪಂಪ್ ಕಂಪನಿಯಲ್ಲಿ ಊರಿಗೆ ರಜೆ ಕೇಳಿದರೆ ಕಫೀಲ್, ಅಂದರೆ ನಮ್ಮ ವೀಸಾ ಯಾರ ಕೈಯಲ್ಲಿದೆಯೋ ಆ ಒಡೆಯ, ಬೇಡ ಎನ್ನುವುದೇ ಇಲ್ಲ. ನಗುನಗುತ್ತಾ ಕೊಡುತ್ತಾರೆ. ಟಿಕೇಟು ಮಾತ್ರ ಹೋಗುವುದಕ್ಕಷ್ಟೇ.

ಇನ್ನು ನನ್ನ ವಿಷಯ. ನಾನು ಬಸುರಿ, ರೋಸ್. ನಮ್ಮಿಬ್ಬರಿಗೂ ನಲವತ್ತೆರಡು, ನಿನಗೆ ಲೆಕ್ಕ ಹೇಳಬೇಕಾಗಿಲ್ಲ. ನಿಮ್ಮಲ್ಲಿಂದ ಬಂದ ಮೇಲೆ ನಿಂತದ್ದು. ವಯಸ್ಸಿನ ಏರುಪೇರು ಎಂದುಕೊಂಡು ಬಹಳ ದಿನ ಯಾರಿಗೂ ಹೇಳಲಿಲ್ಲ. ಹಿಂದೆ ಎರಡು ಸಲ ಏನಾಯಿತೆಂದು ನಿನಗೆ ಗೊತ್ತು. ಎರಡನೆಯ ಸಲ ನೀನು ನರ್ಸಾಗಿದ್ದ ವಾರ್ಡೇ, ನಿನ್ನದೇ ಕೈ ಹಿಡಿದುಕೊಂಡಿದ್ದೆ. ಈ ಸಲ ಇಲ್ಲಿಯ ಡಾಕ್ಟರಮ್ಮ ವಿಮಾನ ಹತ್ತಲೇಬಾರದು ಎಂದಿದ್ದಾರೆ.

ಖುಷಿಯಿಂದ ಬರೆಯಬೇಕಾದ ಸುದ್ದಿ ಇದು. ಆದರೆ ಇದಕ್ಕೆ ಅಂಟಿಕೊಂಡು ಇನ್ನೊಂದು ಬಂದಿದೆ. ನಾವು ಹೊರಡುವ ದಿನ ನೀನು ಡ್ಯೂಟಿಗೆ ಹೋಗಿದ್ದೆ. ಕೊನೆಯ ಸಲ ನೋಡಿ ಬರೋಣವೆಂದು ನಾವಿಬ್ಬರೇ ಕಾಡಿಗೆ ಹೋದೆವು. ತೊರೆಯ ಬದಿಯ ಬಿಸಿಲಿನಲ್ಲಿ, ದಾರಿಗೆ ಅಡ್ಡವಾಗಿ, ಹುಳಿಹಾಕಿ ತಿಕ್ಕಿದ ಹಿತ್ತಾಳೆಯ ಬಣ್ಣದ ಹಾವೊಂದು ಮಲಗಿತ್ತು, ನನ್ನ ಚಪ್ಪಲಿಯ ಪಕ್ಕದಲ್ಲೇ. ಇವರು ಕೈಯಲ್ಲಿದ್ದ ಕೋಲಿನಿಂದ ಹೊಡೆದರು. ಬಾಲ ತುಂಡಾಗಿ ಎಲೆಗಳ ಮೇಲೆ ಹೊರಳಾಡುತ್ತಲೇ ಇತ್ತು. ಉಳಿದದ್ದು ಪೊದೆಯೊಳಗೆ ಸರಿದುಹೋಯಿತು, ಸಾಯುವುದಕ್ಕೇ ಇರಬೇಕು. ವಿಮಾನದಲ್ಲಿ ಇವರು ಕೈ ಒರೆಸಿಕೊಳ್ಳುತ್ತಲೇ ಇದ್ದರು.

ಮಂಗಳೂರಿನವಳು ನೀನು, ಹಾವು ಕೊಂದರೆ ನಮ್ಮ ಜನಕ್ಕೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಮನುಷ್ಯರಿಗೆ ಮಾಡುವ ಹಾಗೆ ದಹನ, ಸೂತಕ, ಎಲ್ಲ ಆಗಬೇಕು. ನಾನು ಬಸುರಿ ಎಂದು ತಿಳಿದ ದಿನವೇ ಇವರು ಊರಿಗೆ, ಅಕ್ಕನಿಗೆ ಕಾಗದ ಹಾಕಿದರು. ಹೊಟ್ಟೆಯಲ್ಲಿರುವುದಕ್ಕೆ ತಾಗುತ್ತದೆ, ಹೆರಿಗೆಗೆ ಮೊದಲೇ ಸರ್ಪಸಂಸ್ಕಾರ ಮಾಡಿಸಿಬಿಡು, ನೀನೇ ಬಂದು ಕೂರಬೇಕು ಎಂದು ಅಕ್ಕನ ಉತ್ತರ. ಅಂದಿನಿಂದ ಇವರು ರಾತ್ರಿಯ ಊಟ ಬಿಟ್ಟಿದ್ದಾರೆ. ಮುಂದಿನ ತಿಂಗಳು ರಜೆ ಕೇಳುತ್ತೇನೆ ಎನ್ನುತ್ತಾರೆ. ಕೇಳಿದರೆ ಕೆಲಸ ಹೋಯಿತು. ಕೆಲಸ ಹೋದರೆ ವೀಸಾ, ಈ ಮನೆ, ಆಸ್ಪತ್ರೆ. ವಿಮಾನ ಹತ್ತಲಾಗದ ನಾನು ಎಲ್ಲಿಗೆ ಹೋಗಲಿ? ಕೇಳಿದೆ. "ಕೆಲಸ ಇನ್ನೊಂದು ಸಿಕ್ಕೀತು ಲತಾ. ಇದು ಮೂರನೆಯದು. ನಾಲ್ಕನೆಯದು ಉಂಟಾ ನಮಗೆ?" ಎಂದರು.

ಕೇಳಲು ನಾಚಿಕೆಯಾಗುತ್ತದೆ. ನೀನು ಆ ತೊರೆಯ ಬದಿಗೆ ಹೋಗಿ, ಏನಾದರೂ ಉಳಿದಿದೆಯೇ ನೋಡಿ, ಸಿಕ್ಕಿದರೆ ಸುಟ್ಟು, ಆ ಜಾಗಕ್ಕೆ ಸ್ವಲ್ಪ ಹಾಲೆರೆದು ಬರುತ್ತೀಯಾ? ನೀನು ಮಾಡಿದರೆ ಸದ್ಯಕ್ಕೆ ಸಾಕು, ಉಳಿದದ್ದು ಊರಿಗೆ ಹೋದಾಗ ಎಂದು ಇವರನ್ನು ಒಪ್ಪಿಸಿದ್ದೇನೆ. ನಾನು ಇದನ್ನೆಲ್ಲ ನಂಬುತ್ತೇನೆಯೇ ಎಂದು ಕೇಳಬೇಡ. ನಂಬುವುದಿಲ್ಲ. ಅವರನ್ನು ಇಲ್ಲಿ ಉಳಿಸಿಕೊಳ್ಳಬೇಕು, ಅದಕ್ಕೆ ಕೇಳುತ್ತಿದ್ದೇನೆ, ಅಷ್ಟೆ.

ನಿನ್ನ
ಸ್ವರ್ಣಲತಾ


ಅಲ್ ಗುಬ್ರಾ
೨೧ ನವೆಂಬರ್ ೧೯೮೬

ಪ್ರೀತಿಯ ರೋಸ್,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಒಳಗಿಟ್ಟಿದ್ದ ಓಕ್ ಎಲೆ ಇನ್ನೂ ಮುರಿದಿಲ್ಲ, ಫ್ರಿಜ್ಜಿನ ಮೇಲೆ ಇಟ್ಟಿದ್ದೇನೆ. ತಡವಾಗಿ ಬರೆಯುವುದು ನನಗೆ ಚಾಳಿಯಾಗಿಬಿಟ್ಟಿದೆ, ಈ ಸಲವೂ ಹೊಟ್ಟೆಗೆ ಹಾಕಿಕೋ.

ನರ್ಸಿನ ಕೋಟಿನ ಒಂದು ಜೇಬಿನಲ್ಲಿ ಹಾಲಿನ ಸೀಸೆ, ಇನ್ನೊಂದರಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡು ನೀನು ಕಾಡಿಗೆ ನುಗ್ಗಿದ್ದನ್ನು ಓದಿ ಮೊದಲು ನಕ್ಕೆ, ಆಮೇಲೆ ಅತ್ತೆ. ಓಕ್ ಕಾಯಿಗಳನ್ನು ಹೂತಿಡುತ್ತಿದ್ದ ಆ ಹಕ್ಕಿಗಳು ನಿನ್ನನ್ನು ಕಳ್ಳಿ ಎಂದುಕೊಂಡು ಕಿರಿಚಿರಬೇಕು. ಏನೂ ಸಿಗದೆ ಕೊನೆಗೆ ಆಲ್ಫ್ರೆಡ್‌ಗೆ ಎಲ್ಲ ಹೇಳಿದೆಯಲ್ಲ, ಒಳ್ಳೆಯದೇ ಮಾಡಿದೆ. ಅವರು ಕೇಳಿದ ಒಂದೇ ಪ್ರಶ್ನೆ, ಬಾಲ ಕಳಚಿಬಿತ್ತೇ ಎಂದು. ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ. ಕೋಲಿನ ಏಟಿಗೆ ಹಾವಿನ ಬಾಲ ಹಾಗೆ ಕಳಚಿ ಬಿದ್ದು ಕುಣಿಯುತ್ತದೆಯೇ? ಗೋಡೆಯ ಹಲ್ಲಿಯದು ಬೀಳುತ್ತದೆ. ಕಾಲಿಲ್ಲದ ಒಂದು ಜಾತಿಯ ಹಲ್ಲಿ ಅದು, ಬಾಲ ಬಿಟ್ಟುಕೊಟ್ಟು ಜೀವ ಉಳಿಸಿಕೊಳ್ಳುತ್ತದೆ ಎಂದು ಅವರು ಚಿತ್ರ ಬರೆದು ಕಳಿಸಿದ್ದನ್ನು ಇವರಿಗೆ ಕೊಟ್ಟೆ. ಅದಕ್ಕಿಂತ, ಗೇಟಿನ ಬಳಿ ಬಿದ್ದಿದ್ದ ತಗಡನ್ನು ನೀನು ಎತ್ತಿದಾಗ ಕೆಳಗೆ ಹಿತ್ತಾಳೆ ಬಣ್ಣದ, ಮೋಟು ಬಾಲದ ಒಂದು ನಿನ್ನನ್ನು ನೋಡಿ ಕಣ್ಣು ಮಿಟುಕಿಸಿತು ಎಂದು ಬರೆದಿದ್ದೆಯಲ್ಲ, ಆ ಸಾಲನ್ನು ಇವರು ಮತ್ತೆ ಮತ್ತೆ ಓದಿಸಿದರು.

"ಕಣ್ಣು ಮಿಟುಕಿಸಿತಾ? ಸರೀ ನೋಡಿದ್ದಾಳಾ ರೋಸ್?"

ನೋಡಿದ್ದಾಳೆ ಎಂದೆ. ಹಾವಿಗೆ ರೆಪ್ಪೆಯೇ ಇಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಚಿತ್ರವನ್ನು ಬೆಳಕಿಗೆ ಹಿಡಿದು, "ಅಯ್ಯೋ ಮಾರಾಯ್ತಿ, ಒಂದು ಹಲ್ಲಿಗೆ ನಾನು ಎರಡು ತಿಂಗಳು ಉಪವಾಸ ಬಿದ್ದೆನಲ್ಲ" ಎಂದರು. ಆ ದಿನ ಮೂರು ಸಲ ಸಾರು ಬಡಿಸಿಕೊಂಡರು. ರಜೆಯ ಮಾತು ಮತ್ತೆ ಎತ್ತಲಿಲ್ಲ. ನಾನು ಗೆದ್ದೆ ಎಂದುಕೊಂಡೆ, ರೋಸ್. ಫ್ಲ್ಯಾಟಿನ ನಡಿಗೆಯಲ್ಲಿ ಗೇಟಿನ ಬಳಿ ಆ ತಗಡನ್ನೂ ಸೇರಿಸಿಕೊಂಡೆ. ಅದರ ಕೆಳಗೆ ಅದು ಬೆಚ್ಚಗಿದೆ ಎಂದುಕೊಂಡು ದಾಟುತ್ತಿದ್ದೆ.

ಆದರೆ ಆ ಸಮಾಧಾನ ಹೆಚ್ಚು ದಿನ ನಿಲ್ಲಲಿಲ್ಲ. ಹೋದ ವಾರ ಇವರ ಸೆಕ್ಷನ್ನಿನಲ್ಲಿ ಅರ್ಧ ಜನರಿಗೆ ಖಲಾಸ್ ಎಂದರು. ಇವರ ಹೆಸರು ಬರಲಿಲ್ಲ. ಮುಂದಿನ ಪಟ್ಟಿಯಲ್ಲಿ ಬರುವುದಿಲ್ಲ ಎಂದೂ ಯಾರೂ ಹೇಳಲಿಲ್ಲ. ಅದೇ ವಾರ ಡಾಕ್ಟರಮ್ಮ ಹೊಟ್ಟೆಗೆ ಟೇಪು ಹಿಡಿದು, ಮಗು ಇರಬೇಕಾದಷ್ಟು ಬೆಳೆದಿಲ್ಲ, ನೋಡೋಣ ಎಂದರು. ನೀನೂ ರೋಗಿಗಳಿಗೆ ಹೇಳುತ್ತಿದ್ದ ಮಾತು ಅದು. ನೋಡೋಣ ಎಂದರೆ ಏನೆಂದು ನೀನೇ ಒಮ್ಮೆ ನನಗೆ ಹೇಳಿದ್ದೆ.

ಇವರಿಗೆ ಹೇಳಿದೆ. ಕೋಪ ಮಾಡಿಕೊಂಡಾರು, ಅಕ್ಕನಿಗೆ ಫೋನು ಮಾಡಿಯಾರು ಎಂದು ಕಾದೆ. ಏನೂ ಇಲ್ಲ. ಚಹಾದ ಲೋಟವನ್ನು ಕೆಳಗಿಟ್ಟರು. ಆಮೇಲೆ ಹೇಳಿದರು:

"ಹಾವೇ ಆಗಿದ್ದರೆ ಒಂದು ದಾರಿ ಇತ್ತು ಲತಾ. ಈಗ ಯಾರ ಹತ್ತಿರ ಹೋಗಿ ತಪ್ಪಾಯ್ತು ಅಂತ ಹೇಳುವುದು?"

ಈ ಮಾತನ್ನು ನಾನು ಎಲ್ಲಿ ಇಟ್ಟರೂ ಕೂರುವುದಿಲ್ಲ. ಅವರ ಭಯವನ್ನು ತೆಗೆದುಹಾಕಿದೆ ಎಂದು ಬೀಗಿದ್ದೆ. ಭಯಕ್ಕೆ ಒಂದು ಮುಖ ಇತ್ತು, ಒಂದು ಜಾಗ ಇತ್ತು, ಅದರ ಮುಂದೆ ಕೈಮುಗಿದು ನಿಲ್ಲಬಹುದಿತ್ತು. ಭಯ ಹಾಗೇ ಉಳಿಯಿತು, ನಾನು ತೆಗೆದದ್ದು ಆ ಮುಖವನ್ನು ಮಾತ್ರವೇ? ಓದಿದವಳು, ಸರಿಯಾದದ್ದನ್ನೇ ತಿಳಿಸಿದೆ. ತಿಳಿದು ಅವರಿಗೆ ಏನು ಸಿಕ್ಕಿತು? ಈಗ ಸುಮ್ಮನೆ ಕೆಲಸಕ್ಕೆ ಹೋಗುತ್ತಾರೆ, ಬರುತ್ತಾರೆ. ಹೊಟ್ಟೆಯ ಮೇಲೆ ಕೈಯಿಡುತ್ತಿದ್ದವರು ಈಗ ಇಡುವುದಿಲ್ಲ.

ನಿಮ್ಮ ಕಾಡಿನಲ್ಲಿ ಎಲೆಗಳೆಲ್ಲ ಉದುರಿರಬೇಕು. ಚಳಿಗೆ ಆ ಜೀವ ಮಣ್ಣಿನೊಳಗೆ ಹೋಗಿ ಮಲಗುತ್ತದೆ ಎಂದು ಆಲ್ಫ್ರೆಡ್ ಬರೆದಿದ್ದಾರೆ. ಏಳುತ್ತದೆ ಎಂಬುದು ಅದಕ್ಕೆ ಹೇಗೆ ಗೊತ್ತಿರುತ್ತದೋ. ನಿನ್ನ ಮಗಳಿಗೆ ನನ್ನ ಮುತ್ತು. ಚಳಿಗೆ ಕಿವಿ ಮುಚ್ಚಿಕೊಂಡು ಶಾಲೆಗೆ ಹೋಗಲಿ. ನಿನ್ನ ಮೇರಿಯಮ್ಮ ನಿಮ್ಮ ಮನೆಯನ್ನೂ, ಹಿಂದಿನ ಆ ಮರಗಳನ್ನೂ ಕಾಯಲಿ.

ನಿನ್ನ
ಸ್ವರ್ಣಲತಾ

ತಾ.ಕ.: ಮರೆತ ಮಾತೆಂದು ಇದನ್ನು ಕೆಳಗೆ ಬರೆಯುತ್ತಿಲ್ಲ. ಇದನ್ನು ಬರೆಯಬಾರದೆಂದೇ ಮೇಲಿನದನ್ನೆಲ್ಲ ಬರೆದೆ. ಬೆಳಿಗ್ಗೆ ಎದ್ದಾಗಿನಿಂದ ಮಗು ಆಡಿಲ್ಲ. ನೀನು ಹಿಂದೆ ಹೇಳಿಕೊಟ್ಟಂತೆ ತಣ್ಣನೆಯ ವಿಮ್ಟೋ ಶರಬತ್ತು ಕುಡಿದು ಎಡಮಗ್ಗುಲಾಗಿ ಮಲಗಿ ನೋಡಿದೆ. ಫ್ಲ್ಯಾಟಿನಲ್ಲಿ ಗೇಟಿನಿಂದ ಓಕ್ ಮರದ ತನಕ ನಡೆದೂ ನೋಡಿದೆ. ಇವರು ಶಿಫ್ಟಿನಲ್ಲಿದ್ದಾರೆ, ಅಲ್ಲಿಗೆ ಫೋನು ಹೋಗಿದೆ. ಇಸುಬು ಪಿಕಪ್ ತರುತ್ತಿದ್ದಾರೆ. "ನೀವು ಮೆಟ್ಟಿಲು ಇಳಿಯಬೇಡಿ ಅಕ್ಕ, ನಾನು ಮೇಲೆ ಬರ್ತೇನೆ" ಎಂದಿದ್ದಾರೆ. ಈ ಲಕೋಟೆಯನ್ನು ಅವರ ಕೈಗೇ ಕೊಡುತ್ತೇನೆ. ಇದು ನಿನಗೆ ತಲುಪುವಾಗ ಆಗಬೇಕಾದದ್ದು ಆಗಿರುತ್ತದೆ. ಆದರೂ ತೊರೆಯ ಬದಿಗೆ ಹೋಗು. ಅದು ಹಾವಲ್ಲ, ಸತ್ತೂ ಇಲ್ಲ, ಎಲ್ಲ ಗೊತ್ತು. ಹಾಲೆರೆ, ಸ್ವರ್ಣ ಕಳಿಸಿದಳು ಎಂದು ಹೇಳು. ಈ ಸಲ ಇವರಿಗಾಗಿ ಕೇಳುತ್ತಿಲ್ಲ. ಕೆಸರಿದ್ದರೂ ಇರಲಿ, ಗೇಟಿನ ಬಳಿ ಶೂ ಕಳಚಿಟ್ಟು ಒಳಗೆ ಹೋಗು, ರೋಸ್.