ನಲವತ್ತೊಂದನೇ ಪ್ರಶ್ನೆಯ ತಪ್ಪು ನನ್ನದು

ಮಾನ್ಯ ಪರೀಕ್ಷಾ ನಿಯಂತ್ರಕರೇ,

ನಿಮ್ಮ ಕಂಪ್ಯೂಟರ್ ಭದ್ರತಾ ಪ್ರಮಾಣಪತ್ರ ಪರೀಕ್ಷೆಯ ನಲವತ್ತೊಂದನೇ ಪ್ರಶ್ನೆಗೆ ನೀವು ಸರಿಯೆಂದು ಅಂಕ ಕೊಡುತ್ತಿರುವ ಉತ್ತರ ತಪ್ಪು. ನನಗೆ ಹೇಗೆ ಗೊತ್ತೆಂದು ಹುಬ್ಬೇರಿಸಬೇಡಿ. ಆ ಪ್ರಶ್ನೆ ಬರೆದವಳು ನಾನು. ತಪ್ಪು ಮಾಡಿದವಳೂ ನಾನೇ. ಅದನ್ನು ಜೋಪಾನವಾಗಿ ಕಾಪಾಡುತ್ತಿರುವವರು ಮಾತ್ರ ತಾವು.

ಕಳೆದ ವರ್ಷ ಪ್ರಶ್ನೆ ಬರೆಯಲು ನಿಮ್ಮ ಪ್ರಮಾಣಪತ್ರ ಪಡೆದವರಲ್ಲೇ ಸ್ವಯಂಸೇವಕರು ಬೇಕೆಂದು ನೀವು ಕರೆದಾಗ ಬಂದ ಹನ್ನೆರಡು ಮಂದಿಯಲ್ಲಿ ನಾನೊಬ್ಬಳು. ಕಿಟಕಿಯಿಲ್ಲದ ಕೋಣೆ, ಬಾಗಿಲ ಬಳಿಯ ಬುಟ್ಟಿಯಲ್ಲಿ ನಮ್ಮ ಮೊಬೈಲುಗಳು, ಮೂರು ಶನಿವಾರ. ನಮ್ಮೆಲ್ಲರಿಗೂ ಒಂದೇ ಚಾಳಿ, ಸರಿಯುತ್ತರವನ್ನು ಮೂರನೆಯ ಜಾಗದಲ್ಲೇ ಬಚ್ಚಿಡುವುದು. ಅದನ್ನು ಕಂಡ ನಿಮ್ಮ ಸಂಚಾಲಕರು, "ಎಲ್ಲಾ 'ಸಿ'ನೇ ಆದ್ರೆ ಓದದೇ ಇರೋನೂ ಪಾಸಾಗ್ತಾನೆ. ಜಾಗ ಬದಲಾಯಿಸಿ" ಎಂದರು. ಬದಲಾಯಿಸಿದೆ. ಉತ್ತರಗಳ ಪಟ್ಟಿಯಲ್ಲಿ ಮಾತ್ರ 'ಸಿ' ಹಾಗೇ ಉಳಿಯಿತು. ಐದು ತಿಂಗಳ ನಂತರ ಮರುಪರಿಶೀಲನೆಗೆ ಕರೆದಾಗ ಅದು ಕಣ್ಣಿಗೆ ಬಿತ್ತು. ಅಂದೇ ತಪ್ಪೊಪ್ಪಿಗೆ ಬರೆದುಕೊಟ್ಟೆ.

ನಿಮ್ಮ ಕಚೇರಿಯ ಉತ್ತರಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸ್ವಯಂಸೇವಕರು ದೂರು ಕೊಡುವಂತಿಲ್ಲವಂತೆ, ಅಭ್ಯರ್ಥಿಯೇ ಕೊಡಬೇಕಂತೆ. ಅಭ್ಯರ್ಥಿಗೆ ಸರಿಯುತ್ತರ ತೋರಿಸುವಂತಿಲ್ಲ ಎಂಬ ನಿಯಮವೂ ನಿಮ್ಮದೇ. ಹಾಗಾದರೆ ದೂರು ಕೊಡಬೇಕಾದವರು ಯಾರು ಸ್ವಾಮಿ, ಆ ಕೋಣೆಯ ಗೋಡೆಗಳೇ?

ಆಮೇಲೆ ನನ್ನ ನಾದಿನಿ ಅದೇ ಪರೀಕ್ಷೆಗೆ ಕೂತಳು. ಆರು ವರ್ಷದಿಂದ ಒಂದು ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿರುವವಳು. ಈ ಪ್ರಮಾಣಪತ್ರವಿಲ್ಲದಿದ್ದರೆ ಕೆಲಸವಿಲ್ಲ ಎಂದು ಅಲ್ಲಿ ಹೊಸ ಆಜ್ಞೆ. ಒಂದೇ ಅಂಕದಲ್ಲಿ ಅನುತ್ತೀರ್ಣಳಾದಳು. ಫಲಿತಾಂಶದ ಹಾಳೆಯಲ್ಲಿ 'ದಾಳಿ ನಿರ್ವಹಣೆಯಲ್ಲಿ ದುರ್ಬಲ' ಎಂಬ ಷರಾ ಬೇರೆ. ಅಡುಗೆಮನೆಯಲ್ಲಿ ನನ್ನ ಪಕ್ಕ ನಿಂತು ಕೇಳಿದಳು: "ಅತ್ತಿಗೆ, ಯಾರೋ ಸರ್ವರ್‌ಗೆ ನುಗ್ಗಿದ್ರೆ ಮೊದ್ಲು ನೆಟ್‌ವರ್ಕ್ ಕಡಿಬೇಕು ತಾನೇ? ನಾನು ಹಾಗೇ ಬರ್ದೆ. ನಂಗೆ ನನ್ ಕೆಲ್ಸಾನೇ ಬರಲ್ವಾ ಹಾಗಾದ್ರೆ?" ಗೌಪ್ಯತಾ ಪತ್ರಕ್ಕೆ ಸಹಿ ಹಾಕಿದ್ದ ನಾನು ಈರುಳ್ಳಿ ಹೆಚ್ಚುತ್ತಲೇ ಇದ್ದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಮನೆಯವಳು ನಪಾಸಾದದ್ದಕ್ಕೆ ಈ ತಕರಾರು ಎಂದು ನೀವೀಗ ಮೂಗು ಮುರಿಯುತ್ತೀರಿ. ನನ್ನ ತಪ್ಪೊಪ್ಪಿಗೆಯ ತಾರೀಕು ನೋಡಿ. ಅವಳು ಅರ್ಜಿ ಹಾಕಿದ್ದು ಅದಾಗಿ ಎರಡು ತಿಂಗಳಿಗೆ.

ಬರುವ ಸೋಮವಾರ ಅವಳಿಗೆ ಕೊನೆಯ ಅವಕಾಶ. 'ಬಹಿರಂಗವಾದ ಪ್ರಶ್ನೆಯನ್ನು ತಕ್ಷಣವೇ ಕೈಬಿಡತಕ್ಕದ್ದು' ಎನ್ನುತ್ತದೆ ನಿಮ್ಮ ಕೈಪಿಡಿ. ಹಾಗಾಗಿ ಈ ಪತ್ರವನ್ನು ಪತ್ರಿಕೆಗೂ ಕಳಿಸಿದ್ದೇನೆ. ಇಗೋ, ಊರಿಗೆಲ್ಲ ತಿಳಿಯಲಿ: ಸರ್ವರ್‌ಗೆ ಹೊರಗಿನವರು ನುಗ್ಗಿದ್ದು ಗೊತ್ತಾದ ಕೂಡಲೇ ಮೊದಲು ಮಾಡಬೇಕಾದ್ದೇನು? 'ಎ', ಅದನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸುವುದು. 'ಸಿ', ಅದರಲ್ಲಿನ ದಾಖಲೆಗಳನ್ನು ಅಳಿಸುವುದು. ನೀವು ಅಂಕ ಕೊಡುತ್ತಿರುವುದು ಅಳಿಸುವವರಿಗೆ.

ಸೋಮವಾರದೊಳಗೆ ಈ ಪ್ರಶ್ನೆಯನ್ನು ಕೈಬಿಡಿ. ಈವರೆಗೆ ಪರೀಕ್ಷೆ ಬರೆದವರೆಲ್ಲರ ಅಂಕಗಳನ್ನು ಮತ್ತೆ ಲೆಕ್ಕ ಹಾಕಿ. ಗೌಪ್ಯತೆ ಮುರಿದವರ ಪ್ರಮಾಣಪತ್ರ ರದ್ದಾಗುತ್ತದೆಂದು ಬಲ್ಲೆ. ನಿಮಗೆ ಕೇಳುವ ಶ್ರಮ ಬೇಡವೆಂದು ನನ್ನದನ್ನು ಇದರೊಂದಿಗೇ ಲಗತ್ತಿಸಿದ್ದೇನೆ. ಹದಿನಾಲ್ಕು ವರ್ಷ ನನಗೆ ಅನ್ನ ಹಾಕಿದ ಕಾಗದ ಅದು, ಮಡಿಸದೆ ಇಟ್ಟುಕೊಳ್ಳಿ.

ಇಂತಿ,
ನಿಮ್ಮ ಪಟ್ಟಿಯಲ್ಲಿ ಇನ್ನು ಮುಂದೆ ಅರ್ಹತೆಯಿಲ್ಲದ
ಒಬ್ಬ ಸ್ವಯಂಸೇವಕಿ