ಕ್ಲಚ್ ಮೇಲೆ ಅವನ ಕಾಲು

ಮಾರ್ಚ್ ೧೧, ಮಂಗಳವಾರ

ಸಿಟ್ಟು ಬರಲೇ ಇಲ್ಲ. ಬೆಳಗಿನಿಂದ ತಲೆ ತಿನ್ನುತ್ತಿರುವುದು ಅದೇ.

ನಮ್ಮ ಡ್ರೈವಿಂಗ್ ಸ್ಕೂಲಿಗೆ ಇವತ್ತು ಹೊಸಬನೊಬ್ಬ ಕಲಿಯಲು ಬಂದ. ತಲೆ ಬೋಳಾಗಿದೆ, ಹೊಟ್ಟೆ ಬಂದಿದೆ, ಆದರೂ ನಡಿಗೆಯಲ್ಲೇ ಗುರುತು ಹಿಡಿದೆ. ನನ್ನ ಕೊನೆಯ ಪಂದ್ಯದಲ್ಲಿ ಚೆಂಡು ಬಿಟ್ಟು ನನ್ನ ಮಂಡಿಗೆ ಒದ್ದವನು ಇವನೇ. ಅಲ್ಲಿಗೆ ನನ್ನ ಫುಟ್‌ಬಾಲ್ ಮುಗಿದಿತ್ತು. ಎಂದಾದರೂ ಎದುರು ಸಿಕ್ಕರೆ ಏನೇನು ಅನ್ನಬೇಕೆಂದು ಎಷ್ಟೋ ವರ್ಷ ಬಾಯಿಪಾಠ ಮಾಡಿಕೊಂಡಿದ್ದೆ.

ಅವನಿಗೆ ನನ್ನ ಗುರುತು ಸಿಗಲಿಲ್ಲ. ಸ್ಟೇರಿಂಗ್ ಹಿಡಿದು ಕೂತು ಕ್ಲಚ್ ಒಮ್ಮೆಲೇ ಬಿಡುತ್ತಿದ್ದ. ಕಾರು ಮತ್ತೆ ಮತ್ತೆ ಆಫ್ ಆಗುತ್ತಿತ್ತು.

"ಈ ವಯಸ್ಸಲ್ಲಿ ಯಾಕೆ ಸಾರ್ ಈ ಹಟ?" ಎಂದೆ.

"ಹೆಂಡತಿಗೆ ಡಯಾಲಿಸಿಸ್ ನಡೀತಿದೆ. ಇಷ್ಟು ದಿನ ಆಸ್ಪತ್ರೆಗೆ ಅವಳೇ ಓಡಿಸ್ಕೊಂಡು ಹೋಗ್ತಿದ್ಲು. ಈಗ ಅವಳ ಕೈಲಾಗಲ್ಲ."

ಆಮೇಲೆ ಮಡಚಲಾಗದ ನನ್ನ ಕಾಲು ನೋಡಿದ. "ಮಂಡಿಗೆ ಏನಾಯ್ತು?"

"ಹಳೇದು. ಫುಟ್‌ಬಾಲ್ ಆಡುವಾಗ ಆಗಿದ್ದು."

"ಹೌದಾ? ನಾನೂ ಆಡ್ತಿದ್ದೆ!" ಎಂದು ಮುಖ ಅರಳಿಸಿದ.

ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಬೇಕಿರಲಿಲ್ಲ. ನನ್ನ ಬಾಯಿಂದ ಬಂದದ್ದು, "ಕ್ಲಚ್ ನಿಧಾನಕ್ಕೆ ಬಿಡಿ ಸಾರ್, ಒದೀಬೇಡಿ."

ಮನೆಗೆ ಬಂದು ನನ್ನ ಹೆಂಡತಿಗೆ ಹೇಳಿದೆ.

"ಚೆನ್ನಾಗಿ ಬೈದ್ರಾ?"

"ಇಲ್ಲ."

"ಮತ್ತೇನು ಮಾಡಿದ್ರಿ?"

"ಪಾಠ ಮಾಡ್ದೆ. ಕೊನೇಗೆ ರಸ್ತೆ ತುದಿವರೆಗೂ ಓಡಿಸಿದ."

ಅವಳು ನನ್ನನ್ನೇ ನೋಡಿ ನಕ್ಕಳು. ಎಷ್ಟೋ ವರ್ಷ ಕಾಪಾಡಿಕೊಂಡ ಸಿಟ್ಟು ಎಲ್ಲಿಗೆ ಹೋಯಿತೋ. ಒಂದು ರೀತಿ ಖಾಲಿ ಖಾಲಿ ಅನ್ನಿಸುತ್ತಿದೆ.

ನಾಳೆ ಅವನನ್ನು ಆಸ್ಪತ್ರೆಯ ರಸ್ತೆಯಲ್ಲೇ ಓಡಿಸಬೇಕು. ಅಲ್ಲೊಂದು ಕಡಿದಾದ ಏರು ಇದೆ, ಅದರಲ್ಲಿ ನಿಲ್ಲಿಸಿ ಹೊರಡುವುದು ಬರದಿದ್ದರೆ ಪಾಪ, ಹೆಂಡತಿಯನ್ನು ಕೂರಿಸಿಕೊಂಡು ಹೇಗೆ ಹೋಗುತ್ತಾನೆ?